ಬಾಣಂತನ ಮಾಡ್ದೋಳ ಮೇಲೆ ಬಂದ ದೂರು

ಬಾಣಂತೀಲಿ ತಣ್ಣೀರು ಮುಟ್ಟಿದ್ರೆ ಕೈಕಾಲಿಗೆ ವಾಯು ಹಿಡೀತದೆ ಅಂತ ನಮ್ ಕಡೆ ಯಾರ್ ಮನೇಲಿ ಹೇಳಲ್ಲ ಹೇಳಿ. ನಾನೂ ಹೇಳಿದ್ದೀನಿ. ನನ್ ನಾದ್ನಿಗೇ ಹೇಳಿದ್ದೀನಿ. ಆ ಮಾತ್ನ ವಾಪಸ್ ತಗಳ್ಳೋಕೆ ಅಂತಾನೇ ಇವತ್ತು ಬರೀತಾ ಕೂತಿದ್ದೀನಿ ಕಣ್ರವ್ವ.

ನಾದ್ನೀನ ಪಿರಿಯಾಪಟ್ಣದ ಕಡೆಗೆ ಕೊಟ್ಟಿರೋದು. ಮೊದಲ್ನೇ ಬಾಣಂತನ ನಮ್ಮನೇಲಿ, ಹುಣಸೂರಿನ ಪಕ್ಕದ ಹಳ್ಳೀಲಿ. ಅತ್ತೆಗೆ ಆಗ ಮಂಡಿನೋವು, ಎಲ್ಲಾ ನಾನೇ ಮಾಡ್ದೆ. ಬಿಸಿನೀರು ಹುಯ್ದಿದ್ದು, ಬೆಳ್ಳುಳ್ಳಿ ಮೆಣಸು ಅರೆದಿದ್ದು, ಹೊಗೆ ಹಾಕಿದ್ದು, ಯಾವುದ್ರಲ್ಲೂ ಕಮ್ಮಿ ಮಾಡ್ಲಿಲ್ಲ. ಐದ್ ತಿಂಗಳಿಗೆ ಗಂಡನ ಮನೆಗೆ ಹೋದ್ಲು. ಹೋಗಿ ಎರಡು ತಿಂಗಳಾಗಿಲ್ಲ, ಅವಳ ಅತ್ತೆ ಫೋನು. "ಹೊತ್ತಾರೆ ಹಾಲು ಕರೆಯೋಕೆ ಕೂತ್ರೆ ಬೆರಳೇ ಮಡಚಲ್ಲ ಅಂತಾಳೆ ನಿಮ್ ಹುಡ್ಗಿ, ಅದೆಂಗ್ ಬಾಣಂತನ ಮಾಡುದ್ರಿ?" ನನ್ಗೆ ಮೈಯೆಲ್ಲಾ ಉರ್ದೋಯ್ತು. "ನಾನ್ ಸರಿಯಾಗೇ ಮಾಡಿದ್ದೀನಿ, ನಾನಿಲ್ದಾಗ ಅವಳೇ ತಣ್ಣೀರಲ್ಲಿ ಬಟ್ಟೆ ಒಗೆದವಳೆ" ಅಂದ್ಬುಟ್ಟೆ. ಅವತ್ತಿಂದ ಎರಡೂ ಮನೆಗೆ ಸರಿಯಾಗಿ ಮಾತಿಲ್ಲ. ಯಾರು ತಣ್ಣೀರು ಮುಟ್ಸಿದ್ದು ಅಂತ ಎರಡು ವರ್ಷ ಜಗಳ ಆಡುದ್ವಿ. ಆ ಎರಡು ವರ್ಷದಲ್ಲಿ ಅವಳ ಕೈ ಹಿಡಿದು ನೋಡ್ದೋರು ಒಬ್ರೂ ಇಲ್ಲ.

ಅವಳಿಗೆ ಆಗ್ತಿದ್ದುದು ಇಷ್ಟು. ಎದ್ದೇಟ್ಗೆ ಎರಡೂ ಕೈನ ಬೆರಳು ಬಿಗೀತಿದ್ವು. ಗೆಣ್ಣು ಊದ್ಕಂಡು ಬಳೆ ಏರ್ತಿರ್ಲಿಲ್ಲ. ಹಿಟ್ಟು ತೊಳ್ಸೋಕೆ ಕೋಲು ಹಿಡಿಯೋಕಾಗ್ತಿರ್ಲಿಲ್ಲ. ಹತ್ತು ಗಂಟೆ ಹೊತ್ತಿಗೆ ವಸಿ ಸಡಿಲ ಆಗೋದು, ಮಧ್ಯಾಹ್ನ ಸೊಪ್ಪು ಮುರಿಯೋಕೂ ಹೋಗೋಳು. ಅಲ್ಲೇ ನೋಡಿ ಕೆಟ್ಟಿದ್ದು. "ಹೊತ್ತಾರೆ ನೋವು ಅಂತಾಳೆ, ಮಧ್ಯಾಹ್ನ ಹೊಲದಲ್ಲಿ ಚೆನ್ನಾಗೇ ಇರ್ತಾಳೆ, ನಾಟ್ಕ" ಅಂದ್ರು. ನಮ್ ನಾಲ್ಕು ತಾಲ್ಲೂಕಿನ ಹೆಂಗಸ್ರಿಗೆ ಕೈನೋವು ಅಂದ್ರೆ ಯಾರು ಕಿವಿಗ್ ಹಾಕತಾರೆ? ಹುಣಸೂರು, ಪಿರಿಯಾಪಟ್ಣ, ಕೋಟೆ ಕಡೆ ಹೊಗೆಸೊಪ್ಪು ಪೋಣ್ಸಿ ನೋವು, ಕೆ.ಆರ್. ನಗರದ ಕಡೆ ನಾಟಿ ಹಾಕಿ ನೋವು. ದುಡಿಯೋ ಕೈಗೆ ನೋವಿರಲ್ವಾ ಅಂತ ನಾವೇ ಅಂದ್ಕಂಡು ಸುಮ್ನಾಯ್ತೀವಿ. ಸೊಪ್ಪಿನ ಎಲೆ ಮುಟ್ಟಿ ಕಂಪಲಾಪುರದ ಹರಾಜಲ್ಲಿ ಯಾವ ಗ್ರೇಡಿಗೆ ಹೋಯ್ತದೆ ಅಂತ ಹೇಳೋರು ನಾವು, ನಮ್ ಗೆಣ್ಣು ನಮಗೆ ಗೊತ್ತಾಗಲ್ಲ.

ಎರಡು ನೋವೂ ಬೇರೆ ಬೇರೆ ಕಣ್ರವ್ವ. ಕೆಲ್ಸದ ನೋವು ಕೆಲ್ಸ ಮಾಡ್ದಾಗ ಬತ್ತದೆ, ಮಲಗೆದ್ರೆ ಇಳೀತದೆ. ಈ ನೋವು ಮಲಗೆದ್ದಾಗ್ಲೇ ಜಾಸ್ತಿ. ಒಂದು ಗಂಟೆ ಹೊತ್ತು ಬಿಗಿ ಬುಡಲ್ಲ, ಎಡಗೈ ಬಲಗೈ ಎರಡಕ್ಕೂ ಬತ್ತದೆ, ವಾರಗಟ್ಲೆ ಹೋಗಲ್ಲ.

ಇದ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತಾರೆ, ಆಟೋಇಮ್ಯೂನ್ ಜಾತಿ ರೋಗ. ಹೆಗ್ಗಡದೇವನಕೋಟೆ ಕಡೆಯೋರಿಗೆ ಹಿಂಗಂದ್ರೆ ತಿಳೀತದೆ: ಆನೆ ಓಡ್ಸೋಕೆ ಅಂತ ಹೊಲದಲ್ಲಿ ಕಾವಲು ಕೂರ್ಸಿದೋನು ಕತ್ಲಲ್ಲಿ ನಮ್ ಹಸೂನೇ ಕಾಡುಪ್ರಾಣಿ ಅಂದ್ಕಂಡು ಹೊಡ್ದಂಗೆ. ಮೈ ಕಾಯೋ ಶಕ್ತಿನೇ ಮೈ ಮೇಲೆ ತಿರುಗ್ಬೀಳ್ತದೆ. ಕೀಲಿನ ಮೇಲೆ ಬಿದ್ರೆ ಇದು, ಥೈರಾಯ್ಡ್ ಮೇಲೆ ಬಿದ್ರೆ ಹಾಶಿಮೊಟೊ. ಚರ್ಮ, ಕಿಡ್ನಿ, ಕೀಲು ಎಲ್ಲದ್ರ ಮೇಲೂ ಬಿದ್ರೆ ಲೂಪಸ್. ಬಿಸಿಲಿಗೆ ಹೋದ್ರೆ ಮೂಗು ಕೆನ್ನೆ ಮೇಲೆ ಕೆಂಪಗೆ ಏಳೋದು, ಬಾಯಲ್ಲಿ ಹುಣ್ಣು, ಕೂದ್ಲು ಉದುರೋದು, ಇದನ್ನೆಲ್ಲಾ ಬಿಸಿಲಿಗೆ ಮೊಕ ಕೆಟ್ಟೋಯ್ತು ಅಂದ್ಕಂಡು ಕೂರಬ್ಯಾಡಿ. ಈ ಜಾತಿ ರೋಗದೋರಲ್ಲಿ ಐದರಲ್ಲಿ ನಾಲ್ಕು ಜನ ಹೆಂಗಸ್ರೇ. ಲೂಪಸ್ ಅಂತೂ ಹತ್ತರಲ್ಲಿ ಒಂಬತ್ತು. ಯಾಕಂದ್ರೆ ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲ. ಹೆಂಗಸ್ರಿಗೆ ಎಕ್ಸ್ ಕ್ರೋಮೋಸೋಮು ಎರಡು. ಅದ್ರಲ್ಲಿ ಒಂದನ್ನ ಮುಚ್ಚಿಡೋಕೆ ಮೈ ಮಾಡ್ಕಳ್ಳೋ ವಸ್ತುವೇ ಕಾವಲಿನೋನ್ನ ಕೆಣಕ್ತದೆ ಅಂತ 2024ರಲ್ಲಿ ಸ್ಟ್ಯಾನ್‌ಫರ್ಡಿನೋರು ಒಂದು ಸುಳಿವು ಕೊಟ್ಟವರೆ. ಬೀಡಿ ಸಿಗರೇಟು ಸೇದೋರಿಗೆ ಕೀಲಿನ ರೋಗ ಜಾಸ್ತಿ ಅನ್ನೋದು ಮಾತ್ರ ಗೊತ್ತಿರೋ ವಿಷ್ಯ. ನಾವು ಸೇದಲ್ಲ, ಬೆಳೀತೀವಿ.

ತಣ್ಣೀರಿನ ಮಾತಿಗೆ ಬತ್ತೀನಿ. ನಮ್ಮಜ್ಜೀರು ಕಂಡಿದ್ದು ಸುಳ್ಳಲ್ಲ ಕಣ್ರವ್ವ. ಬಸುರೀಲಿ ಈ ನೋವು ಎಷ್ಟೋ ಜನಕ್ಕೆ ಇಳೀತದೆ, ಹೆರಿಗೆ ಆದ್ಮೇಲೆ ಕೆರಳ್ತದೆ, ಎಷ್ಟೋ ಜನಕ್ಕೆ ಮೊದಲ್ನೇ ಸಲ ಶುರುವಾಗೋದೂ ಆವಾಗ್ಲೇ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಅನ್ನೋ ಡಾಕ್ಟ್ರೂ ಬಸುರೀರ ನೋವು ಇಳಿಯೋದ್ನ ನೋಡಿ ನೋಡೀನೇ, ಮೈಯೊಳಗೇ ಏನೋ ಮದ್ದು ಹುಟ್ತದೆ ಅಂತ ಹುಡುಕಿದ್ದು. 1948ರಲ್ಲಿ ಮೊದಲ್ನೇ ಸಲ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಕೊಟ್ರು, 1950ರಲ್ಲಿ ನೊಬೆಲ್ ಬಂತು. ನಮ್ಮಜ್ಜೀರೂ ಅದ್ನೇ ಕಂಡ್ರು, ತಪ್ಪು ಮಾತ್ರ ತಣ್ಣೀರಿನ ಮೇಲೆ ಹಾಕುದ್ರು. ತಣ್ಣೀರಿನ ಮೇಲಲ್ಲ, ಅದನ್ನ ಮುಟ್ಟಿದೋಳ ಮೇಲೆ.

ಆ ಕಾರ್ಟಿಸೋನಿನ ಜಾತೀದೇ ಈಗಿನ ಸ್ಟೆರಾಯ್ಡು. ನಾದ್ನೀಗೆ ಯಾರೋ ಕೊಟ್ಟ ಪುಡಿ ಮೂರು ದಿನಕ್ಕೇ ನೋವು ಇಳಿಸ್ತು. ಮೊಕ ದುಂಡಗಾಯ್ತು. ಮದುವೇಲಿ ಕಂಡೋಳು "ಮೈ ತುಂಬ್ಕಂಡಿದ್ದೀಯ" ಅಂದೆ ನಾನು, ಖುಷಿಯಾಗಿ. ಅದ್ರಲ್ಲಿ ಸ್ಟೆರಾಯ್ಡೇ ಇರ್ಬೇಕು ಅಂತ ಆಮೇಲೆ ಮೈಸೂರಿನ ಡಾಕ್ಟ್ರು ಹೇಳುದ್ರು. ಡಾಕ್ಟ್ರು ಲೆಕ್ಕ ಹಾಕಿ ಕೊಟ್ರೆ ಅದು ಮದ್ದೇ. ಹೆಸರಿಲ್ಲದ ಪೊಟ್ಣದಲ್ಲಿ ಎಷ್ಟದೆ ಅಂತ ಯಾರಿಗೊತ್ತು? ಮೂಳೆ ಸವೀತದೆ, ಸಕ್ಕರೆ ಏರ್ತದೆ. ತಿಂಗಳುಗಟ್ಲೆ ತಿಂದು ತಟ್ಟನೆ ನಿಲ್ಸಿದ್ರೆ ಜೀವಕ್ಕೇ ಕುತ್ತು.

ಕಡೆಗೆ ನನ್ ಗಂಡನೇ ಕರ್ಕಂಡ್ ಹೋದ್ರು, ನಾನೂ ಹೋದೆ. ಮೂಳೆ ಡಾಕ್ಟ್ರಲ್ಲ, ಇದ್ಕೆ ರುಮಟಾಲಜಿಸ್ಟ್ ಅಂತ ಬೇರೆ ಇರ್ತಾರೆ. ರಕ್ತ ತಗಂಡು ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ನೋಡುದ್ರು. (ಆರ್‌ಎ ಇಲ್ಲ ಅಂತ ಬಂದ್ರೂ ರೋಗ ಇರ್ಬೋದು, ಒಂದು ಚೀಟಿ ನೋಡಿ ನಿರಾಳ ಆಗ್ಬ್ಯಾಡಿ.) "ಶುರುವಾದ ಆರು ತಿಂಗಳೊಳಗೆ ಬಂದಿದ್ರೆ ಈ ಬೆರಳು ಸೊಟ್ಟ ಆಗ್ತಿರ್ಲಿಲ್ಲವೇನೋ" ಅಂದ್ರು ಡಾಕ್ಟ್ರು. ನನ್ ಕಡೆ ನೋಡ್ಕಂಡು ಅನ್ಲಿಲ್ಲ, ನನಗೆ ಹಂಗನ್ಸ್ತು.

ಈಗ ಮೆಥೊಟ್ರೆಕ್ಸೇಟ್ ತಗತಾಳೆ, ವಾರಕ್ಕೆ ಒಂದೇ ದಿನ. ದಿನಾ ನುಂಗುದ್ರೆ ವಿಷ, ಅದಕ್ಕೇ ಭಾನುವಾರ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕ್ಸಿದ್ದೀನಿ. ಇನ್ನೊಂದು ಮಗು ಬೇಕು ಅಂದ್ರೆ ತಿಂಗಳುಗಟ್ಲೆ ಮುಂಚೇನೇ ಡಾಕ್ಟ್ರಿಗೆ ಹೇಳಿ ಮಾತ್ರೆ ಬದಲಾಯಿಸ್ಬೇಕು. ಅದನ್ನ ಅವಳ ಅತ್ತೆ ಎದುರಿಗೇ ಹೇಳ್ಸುದ್ವಿ. ಹೊಸದಾಗಿ ಗೆಣ್ಣು ಹೋಗಿಲ್ಲ. ಹೋಗಿರೋ ಎರಡು ಬೆರಳು ವಾಪಸ್ ಬರಲ್ಲ. ಹಾಲು ಈಗ ಗಂಡನೇ ಕರೀತಾನೆ. ಅದನ್ನ ಎರಡು ವರ್ಷ ಮುಂಚೆ ಮಾಡಿದ್ರೆ ಅವನ ಗಂಟೇನೂ ಹೋಗ್ತಿರ್ಲಿಲ್ಲ.

ನನ್ ಮಗಳಿಗೆ ಈಗ ಏಳು ತಿಂಗಳು. ಬಾಣಂತನ ನಂದೇ. ಬಿಸಿನೀರೂ ಹುಯ್ತೀನಿ, ಬೆಳ್ಳುಳ್ಳೀನೂ ಅರೀತೀನಿ, ಅದನ್ನ ಬುಡಲ್ಲ. ಹೊತ್ತಾರೆ ಎದ್ದೇಟ್ಗೆ "ಎಲ್ಲಿ, ಮುಷ್ಟಿ ಹಿಡಿ" ಅಂತೀನಿ. ಈಗ್ಲೇ ಹೇಳಿದ್ದಕ್ಕೆ "ಏನವ್ವ ನಿನ್ ಹುಚ್ಚು" ಅಂತ ನಗ್ತಾಳೆ. ನಗ್ಲಿ ಬುಡಿ.