ಕಾಮರ್ಸ್ ಕಣ್ಣಲ್ಲಿ ಸೈನ್ಸ್ - 6: ಕಂಪನಿ ಮುಚ್ಚಿತು, ಕಬ್ಬಿಣ ಉಳೀತು

ಫಸ್ಟ್ ಸೆಮ್ ಅಕೌಂಟಿಂಗ್‌ನಲ್ಲಿ 'ಗೋಯಿಂಗ್ ಕನ್ಸರ್ನ್' ಓದಿದ್ದು ನೆನಪಿದ್ಯಾ? ವ್ಯವಹಾರ ಮುಂದೆಯೂ ನಡೀತಾನೇ ಇರತ್ತೆ ಅಂದ್ಕೊಂಡು ಲೆಕ್ಕ ಬರೀಬೇಕು. ಎರಡು ಮಾರ್ಕಿಗೆ ಬರೆದು ಮರೆತಿದ್ದೆ. ಬರ್ಲಿನ್‌ನ ಮ್ಯಾಗ್‌ಫೋರ್ಸ್ ಕಂಪನಿ ಬಗ್ಗೆ ಓದಿದಾಗ ಮತ್ತೆ ನೆನಪಾಯ್ತು.

ಅವರ ಚಿಕಿತ್ಸೆ ಹೀಗೆ: ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಐರನ್ ಆಕ್ಸೈಡ್ ಕಣಗಳನ್ನ ಮೆದುಳಿನ ಗಡ್ಡೆಗೇ ಇಂಜೆಕ್ಟ್ ಮಾಡ್ತಾರೆ. ಹೊರಗಿಂದ ಸತತವಾಗಿ ದಿಕ್ಕು ಬದಲಿಸೋ ಕಾಂತಕ್ಷೇತ್ರ ಕೊಟ್ರೆ ಕಣಗಳು ಕಾದು, ಗಡ್ಡೆ ಒಳಗಿಂದಲೇ ಬಿಸಿಯಾಗತ್ತೆ. ಜೊತೆಗೆ ರೇಡಿಯೇಷನ್. ಯುರೋಪಿನಲ್ಲಿ 2010ರಲ್ಲಿ ಅನುಮತಿ ಸಿಕ್ತು. 2022ರಲ್ಲಿ ಕಂಪನಿ ದಿವಾಳಿ.

ಕಣಗಳು ಮಾತ್ರ ಅಲ್ಲೇ ಉಳಿಯುತ್ತವೆ. ಎಂಆರ್‌ಐ ಮಾಡಿದ್ರೆ ಆ ಜಾಗವೇ ಕಪ್ಪು. ಗಡ್ಡೆ ಮತ್ತೆ ಬಂದಿದ್ಯಾ ಅಂತ ಅದರಲ್ಲಿ ನೋಡೋದೇ ಕಷ್ಟ.

ವಿಜ್ಞಾನ ಸೋತಿತು ಅಂತಿಲ್ಲ. ಇದೇ ಜಾತಿಯ ಫೆರುಮಾಕ್ಸಿಟಾಲ್‌ಗೆ 2009ರಲ್ಲಿ ಅಮೆರಿಕ ಅನುಮತಿ ಕೊಟ್ಟಿದೆ, ಕಿಡ್ನಿ ರೋಗಿಗಳ ರಕ್ತಹೀನತೆಗೆ. ಆದ್ರೆ ಅದರ ಕಬ್ಬಿಣವನ್ನ ದೇಹ ಬಳಸಿಕೊಳ್ಳತ್ತೆ. ಗಡ್ಡೆಯೊಳಗೆ ಇಟ್ಟಿದ್ದು ಹಾಗಲ್ಲ.

ಬಾರದ ಸಾಲಕ್ಕೇ ಪ್ರಾವಿಷನ್ ಇಡ್ತೀವಿ ನಾವು. ದೇಹದಲ್ಲೇ ಉಳಿಯೋ ವಸ್ತುವಿಗೆ ಅನುಮತಿ ಕೊಡೋರು ಕಂಪನಿಗೆ ಇದನ್ನೂ ಕೇಳಬೇಕು: ನಾಳೆ ನೀವು ಬಾಗಿಲು ಹಾಕಿದ್ರೆ ಈ ರೋಗಿಗಳ ತಪಾಸಣೆಗೆ ದುಡ್ಡು ಎಲ್ಲಿಟ್ಟಿದ್ದೀರ?