ಹೆರಿಗೆ ಆಯ್ತು, ಸಕ್ಕರೆನೂ ಹೋಯ್ತೆ?

ಹೆರಿಗೆ ಸುಸೂತ್ರ ಆಯ್ತು, ಪೇಡಾ ಹಂಚಿದ್ದೂ ಆಯ್ತು. ಬಸುರಿಯಾಗಿದ್ದಾಗ ಕಾಣಿಸಿಕೊಂಡಿದ್ದ ಸಕ್ಕರೆ ಕಾಯಿಲೆಯ ಕಥೆ ಏನು? ‘ಅದು ಬಸುರಿನ ಸಕ್ಕರೆ, ಹೆರಿಗೆ ಜೊತೆಗೇ ಹೋಯ್ತು ಬಿಡಿ’ ಅನ್ನುವುದು ಮನೆಮನೆಯ ಮಾತು. ಮಾತು ಅರ್ಧ ನಿಜ. ಉಳಿದರ್ಧವೇ ಹೆಣ್ಣುಮಕ್ಕಳನ್ನು ಮುಂದೆ ಕಾಡುವುದು.

ಬಸುರಿನಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮಾಸು ಬಿದ್ದ ಮೇಲೆ ಸಾಮಾನ್ಯವಾಗಿ ಸಕ್ಕರೆ ಇಳಿಯುತ್ತದೆ. ಆದರೆ ಒಮ್ಮೆ ಸೋತ ದೇಹ ಮತ್ತೆ ಸೋಲುವ ಸಂಭವ ಹೆಚ್ಚು. ಇದು ಪರದೇಶದ ಸಂಗತಿಯಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 6 ಮಂದಿಗೆ ಈ ಸಕ್ಕರೆ ಇತ್ತು. ಐದು ವರ್ಷದ ಮೇಲೆ ಆ ತಾಯಂದಿರನ್ನು ಮತ್ತೆ ನೋಡಿದರೆ, ಸಕ್ಕರೆ ಇದ್ದವರಲ್ಲಿ ನೂರಕ್ಕೆ 37 ಮಂದಿ ಮಧುಮೇಹಿಗಳಾಗಿದ್ದರು. ಇಲ್ಲದಿದ್ದವರಲ್ಲಿ ಬರೀ 2!

ಬಸುರಿಯ ಪರೀಕ್ಷೆ ಈಗ ಸುಲಭ. ಉಪವಾಸ ಬೇಡ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಅದಕ್ಕೂ ಮೇಲಿದ್ದರೆ ಕಾಯಿಲೆ ಉಂಟು. ಮೊದಲ ತಪಾಸಣೆಯಲ್ಲೊಮ್ಮೆ, ಆಗ ಇಲ್ಲದಿದ್ದರೆ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ನೋಡಬೇಕೆಂದು ಕೇಂದ್ರ ಸರಕಾರದ ನಿಯಮವಿದೆ.

ಕಂಡುಬಂದರೆ ಹೊಟ್ಟೆ ಕಟ್ಟಬೇಕಿಲ್ಲ. ಅನ್ನ ಕಡಿಮೆ, ಕಾಳು ತರಕಾರಿ ಜಾಸ್ತಿ, ಬೆಲ್ಲ ಸಕ್ಕರೆ ದೂರ, ಊಟವಾದ ಮೇಲೆ ನಡಿಗೆ. ರಾಗಿ ಮುದ್ದೆ ಎಷ್ಟು ತಿಂದ್ರೂ ಪರವಾಗಿಲ್ಲ ಅನ್ನುವುದು ಸುಳ್ಳು. ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತೆ. ಎರಡು ವಾರ ಪಥ್ಯ ಮಾಡಿಯೂ ಇಳಿಯದಿದ್ದರೆ ವೈದ್ಯರು ಮಾತ್ರೆಯೋ ಇನ್ಸುಲಿನ್ನೋ ಕೊಡುತ್ತಾರೆ. ಹೆದರಿ ಬಿಟ್ಟರೆ ಮಗು ಅತಿಯಾಗಿ ದಪ್ಪ ಬೆಳೆದು ಹೆರಿಗೆಯೇ ಕಷ್ಟ.

ಇಷ್ಟರವರೆಗೆ ಆಸ್ಪತ್ರೆಯವರೂ ಮನೆಯವರೂ ಎಚ್ಚರ ಇರುತ್ತಾರೆ. ಎಡವುವುದು ಆಮೇಲೆ. ಹೆರಿಗೆಯಾಗಿ ಆರು ವಾರಕ್ಕೆ ತಾಯಿಗೆ ಮತ್ತೆ ಗ್ಲೂಕೋಸ್ ಪರೀಕ್ಷೆ ಆಗಬೇಕು, ಈ ಸಲ ಖಾಲಿ ಹೊಟ್ಟೆಯಿಂದ ಶುರು. ಆದರೆ ಆ ಹೊತ್ತಿಗೆ ಆಕೆ ತವರಿನಲ್ಲಿ ಬಾಣಂತಿ. ದಾಖಲೆ ಗಂಡನ ಊರಿನಲ್ಲಿ, ತಾಯಿ ಇನ್ನೊಂದೂರಿನಲ್ಲಿ. ಬಾಯಿಗೆ ಅಂಟಿನುಂಡೆ, ಬೆಲ್ಲ, ತುಪ್ಪ. ಕೇಳುವವರು ಯಾರು?

ದಾರಿ ಕಣ್ಣೆದುರೇ ಇದೆ. ಅದೇ ಆರು ವಾರಕ್ಕೆ ಮಗುವಿಗೆ ಲಸಿಕೆ ಹಾಕಿಸಲು ಎಲ್ಲರೂ ಆಸ್ಪತ್ರೆಗೆ ಬರುತ್ತಾರೆ. ಮಗುವಿನ ತೊಡೆಗೆ ಚುಚ್ಚುವ ದಿನವೇ ತಾಯಿಯ ಬೆರಳಿಗೂ ಚುಚ್ಚಿದರೆ ಇಲಾಖೆಗೇನು ನಷ್ಟ? ತಾಯಿ ಕಾರ್ಡಿನಲ್ಲಿ ‘ಸಕ್ಕರೆ ಇತ್ತು’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಲಿ. ತವರೂರಿನ ಆಶಾ ಕಾರ್ಯಕರ್ತೆ ಅದನ್ನು ನೋಡಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಮುಂಚೆಯೇ ಹೇಳಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ.

ಆಗ ಸರಿಯಿದ್ದರೂ ವರ್ಷಕ್ಕೊಮ್ಮೆ ರಕ್ತ ನೋಡಿಸಬೇಕು. ಎರಡನೇ ಮಗುವಿನ ಯೋಚನೆ ಇದ್ದರಂತೂ ಮೊದಲೇ. ಗೊತ್ತಿಲ್ಲದೆ ಏರಿದ ಸಕ್ಕರೆ, ಮಗುವಿನ ಅಂಗಾಂಗ ಮೂಡುವ ಮೊದಲ ವಾರಗಳಲ್ಲೇ ಹಾನಿ ಮಾಡಬಲ್ಲದು.

ಇಲಾಖೆಯನ್ನು ಬೈದರಷ್ಟೇ ಸಾಲದು. ಗಂಡನಾದವನು ಆ ದಿನ ಜೊತೆಗೆ ಹೋಗಲಿ. ಎರಡು ಗಂಟೆ ಕಾಯುವಾಗ ಮಗು ಎತ್ತಿಕೊಳ್ಳಲು ಒಬ್ಬರು ಬೇಕು. ಒಂದು ಬೆಳಗ್ಗೆ ಅಂಗಡಿ ಬಾಗಿಲು ತಡವಾಗಿ ತೆಗೆದರೆ ವ್ಯಾಪಾರ ಮುಳುಗಲ್ಲ.