ಎಂಜಿನಿನ ಉಸಿರು

ಮೋಟಾರು ಕಾರಿಗೆ ಪೆಟ್ರೋಲೇ ಆಹಾರವೆಂಬುದು ರೂಢಿಯ ಮಾತು. ಆದರೆ ಒಂದು ಕಿಲೋಗ್ರಾಮು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋಗ್ರಾಮು ಗಾಳಿ ಬೇಕೆಂಬುದನ್ನು ನಾವು ಮರೆಯುತ್ತೇವೆ. ಬೆಟ್ಟವನ್ನೇರಿದಂತೆಲ್ಲ ಗಾಳಿಯು ವಿರಳವಾಗುತ್ತದೆ. ಸುಮಾರು 5,500 ಮೀಟರು ಎತ್ತರದಲ್ಲಿ ಅದರ ಒತ್ತಡವು ಅರ್ಧಕ್ಕಿಳಿಯುತ್ತದೆ. ಉಸಿರು ಸಾಲದಾದಾಗ, ಟ್ಯಾಂಕು ತುಂಬಿದ್ದರೂ ಎಂಜಿನು ಸೊರಗುವುದು ಸಹಜ.

ಈ ಕೊರತೆಯನ್ನು ನೀಗಿಸಬಲ್ಲ ಸಾಧನವೇ ಟರ್ಬೊಚಾರ್ಜರು. ಎಂಜಿನಿನಿಂದ ಹೊರಬೀಳುವ ಬಿಸಿ ಅನಿಲವು ಪುಟ್ಟ ಚಕ್ರವೊಂದನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮತ್ತೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಸಿಲಿಂಡರಿಗೆ ತುಂಬುತ್ತದೆ. 1918ರಲ್ಲಿ ಅಮೆರಿಕದ ಎಂಜಿನಿಯರಾದ ಸ್ಯಾನ್‌ಫರ್ಡ್ ಮಾಸ್ ಅವರು 'ಲಿಬರ್ಟಿ' ಎಂಬ ವಿಮಾನದ ಎಂಜಿನನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿ ಪರೀಕ್ಷಿಸಿದರು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿಯನ್ನೀಯುತ್ತಿದ್ದ ಆ ಎಂಜಿನು, 4,300 ಮೀಟರು ಎತ್ತರದಲ್ಲಿ 230ಕ್ಕೆ ಕುಸಿಯಿತು. ಟರ್ಬೊವನ್ನು ಜೋಡಿಸಿದಾಗ 356ಕ್ಕೇರಿತು.

ಇಂತಹ ಫಲಿತಾಂಶಗಳನ್ನು ಕಂಡು, ಟರ್ಬೊ ಇರುವ ಕಾರಿಗೆ ಎತ್ತರದ ಹಂಗಿಲ್ಲವೆಂದು ಹಲವರು ನಂಬಿದ್ದಾರೆ. ಇದು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ. ಮಾಸ್ ಅವರಿಗೆ ಬೇಕಾಗಿದ್ದುದು ಸಮುದ್ರಮಟ್ಟದ ಒತ್ತಡ ಮಾತ್ರ. ಅದಕ್ಕಾಗಿ ಗಾಳಿಯನ್ನು ಒಂದೂಮುಕ್ಕಾಲು ಪಟ್ಟಿನಷ್ಟು ಒತ್ತಿದರೆ ಸಾಕಿತ್ತು. ಆದರೆ ಸಮುದ್ರಮಟ್ಟದಲ್ಲಿಯೇ ಗಾಳಿಯನ್ನು ಎರಡು ಪಟ್ಟು ಒತ್ತುವ ಕಾರೊಂದನ್ನು ಲಡಾಖಿನ ಖಾರ್ದುಂಗ್ ಲಾ ಕಣಿವೆಮಾರ್ಗಕ್ಕೆ, ಎಂದರೆ 5,359 ಮೀಟರು ಎತ್ತರಕ್ಕೆ, ಒಯ್ದೆವೆನ್ನೋಣ. ಅದೇ ಬಲಕ್ಕಾಗಿ ಅಲ್ಲಿ ಸುಮಾರು ನಾಲ್ಕು ಪಟ್ಟು ಒತ್ತಬೇಕು. ಚಕ್ರದ ವೇಗಕ್ಕೆ ಮಿತಿಯುಂಟು. ಒತ್ತಿದಷ್ಟೂ ಗಾಳಿ ಕಾಯುತ್ತದೆ. ಅದನ್ನು ತಣಿಸಬೇಕಾದ ಹೊರಗಿನ ಗಾಳಿಯೂ ವಿರಳವೇ. ಮೇಲಾಗಿ, ಘಾಟಿಯ ತಿರುವಿನಲ್ಲಿ ಎಂಜಿನು ಮೆಲ್ಲನೆ ತಿರುಗುವಾಗ ಅನಿಲದ ಹರಿವು ಕಡಿಮೆಯಾಗಿ ಟರ್ಬೊ ಮಂಕಾಗುತ್ತದೆ. ನೆರವು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಅದು ತಡವಾಗಿ ಬರುತ್ತದೆ. ಇದನ್ನರಿತ ಚಾಲಕನು ತಿರುವಿಗೆ ಮುನ್ನವೇ ಕೆಳಗಿನ ಗೇರಿಗೆ ಬರುತ್ತಾನೆ. ಅರಿಯದವನು ನಡುದಾರಿಯಲ್ಲಿ ಪೇಚಾಡುತ್ತಾನೆ.

ಮಾಸ್ ಅವರ ಪರೀಕ್ಷೆಯ ನೂರು ವರ್ಷಗಳ ತರುವಾಯ, 2018ರಲ್ಲಿ, ಅದೇ ಪೈಕ್ಸ್ ಪೀಕ್ ಏರುದಾರಿಯ ಸ್ಪರ್ಧೆಯಲ್ಲಿ ಫೋಕ್ಸ್‌ವ್ಯಾಗನ್ನಿನ ವಿದ್ಯುತ್ ಕಾರೊಂದು 7 ನಿಮಿಷ 57 ಸೆಕೆಂಡುಗಳಲ್ಲಿ ಶಿಖರವನ್ನು ಮುಟ್ಟಿತು. 2013ರಲ್ಲಿ ಟರ್ಬೊ ಎಂಜಿನಿನ ಪ್ಯೂಜೋ ಕಾರು ಸ್ಥಾಪಿಸಿದ್ದ ದಾಖಲೆ 8 ನಿಮಿಷ 13 ಸೆಕೆಂಡು. ವಿದ್ಯುತ್ ಮೋಟಾರಿಗೆ ಬಲವನ್ನೀಯಲು ಆಮ್ಲಜನಕವೇ ಬೇಡ!

ಇದರಿಂದ ಟರ್ಬೊವಿನ ಹಿರಿಮೆ ಕುಂದುವುದಿಲ್ಲ. ವ್ಯರ್ಥವಾಗುವ ಅನಿಲದಿಂದ ಉಸಿರನ್ನು ಗಳಿಸುವ ಜಾಣ್ಮೆ ಅದರದು. ಆದರೆ ಯಾವುದೇ ಯಂತ್ರವು ಪ್ರಕೃತಿಯನ್ನು ಗೆದ್ದಿತೆಂಬ ಮಾತು ಕಿವಿಗೆ ಬಿದ್ದಾಗ, ಅದರ ಬಲ ಎಲ್ಲಿಂದ ಬಂದಿತು, ಎಲ್ಲಿಯವರೆಗೆ ಸಂದೀತು ಎಂಬ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ತಪ್ಪದೆ ಕೇಳಬೇಕೆಂಬುದೇ ನಮ್ಮ ಆಶಯ.